ಬಾಗಿಲ ಹಿಂದೆ ಚೆಸ್ ಆಡುತ್ತಿದ್ದ ಅತ್ತೆ

ಚಳ್ಳಕೆರೆಯಲ್ಲಿ ಬೋರ್‌ವೆಲ್ ಮೋಟಾರಿಗೆ ತಂತಿ ಸುತ್ತುವ ಅಂಗಡಿ ನನ್ನದು. ಬೇಸರ ಕಳೆಯಲೆಂದು ಮೊಬೈಲಿನಲ್ಲಿ ಚೆಸ್ ಟೂರ್ನಿ ಹಚ್ಚಿಕೊಂಡವನು ಅದಕ್ಕೇ ಅಂಟಿಕೊಂಡೆ. ಜಗತ್ತಿನ ದೊಡ್ಡ ದೊಡ್ಡ ಆಟಗಾರರು ಯಾವುದೋ ದೇಶದಲ್ಲಿ ಕೂತು ಒಂದು ನಡೆಗೆ ಮುಕ್ಕಾಲು ಗಂಟೆ ಯೋಚಿಸಿದರೆ ಇಲ್ಲಿ ನನಗೆ ಪಿತ್ತ ನೆತ್ತಿಗೇರುತ್ತಿತ್ತು. "ನಡೆಸಪ್ಪಾ ಅತ್ಲಾಗೆ!" ಎಂದು ಮೊಬೈಲಿಗೇ ಬೈಯುತ್ತಿದ್ದೆ. ಒಮ್ಮೆ ದೇವಸಮುದ್ರದ ಕಡೆಯಿಂದ ಮೋಟಾರು ತಂದಿದ್ದ ಗಿರಾಕಿಯೊಬ್ಬ ಕಾದು ಕಾದು ರೇಗಿದ. "ಲೇ, ಅವ್ನೂ ಆಡಲ್ಲ, ನೀನೂ ಮೋಟಾರು ಬಿಚ್ಚಲ್ಲ. ನನ್ ಶೇಂಗಾಕ್ಕೆ ನೀರು ಯಾರ್ ಬಿಡ್ತಾರೆ?" ಅವನು ಹೇಳಿದ್ದು ನ್ಯಾಯವೇ. ಮೊಬೈಲು ಮಗುಚಿಟ್ಟು ಕೆಲಸಕ್ಕೆ ಕೈ ಹಾಕಿದೆ.

ನೋಡುವುದು ಬೇರೆ, ಆಡುವುದು ಬೇರೆ. ಮೊಬೈಲಿನಲ್ಲಿ ಮುಖ ಕಾಣದವರ ಜೊತೆ ಆಡಿದರೆ ಹತ್ತು ನಡೆಯೊಳಗೆ ನನ್ನ ಕಥೆ ಮುಗಿಯುತ್ತಿತ್ತು. ಓಪನಿಂಗ್, ಅಂದರೆ ಆಟದ ಶುರುವಿನ ನಡೆಗಳು, ನನಗೆ ಬರುತ್ತಲೇ ಇರಲಿಲ್ಲ. ಹಠ ಹಿಡಿದು ಟೂರ್ನಿಯವರ ನಡೆಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಮಗ್ಗಿಯ ಹಾಗೆ ಬಾಯಿಪಾಠ ಮಾಡಿದೆ. ಇಟಾಲಿಯನ್ ಎಂಬ ಓಪನಿಂಗ್ ಹದಿನಾಲ್ಕು ನಡೆಯ ತನಕ ಕೈಗೆ ಬಂತು. ಇನ್ನು ನನ್ನನ್ನು ತಡೆಯುವವರು ಯಾರು ಎಂದುಕೊಂಡೆ. ತಡೆದವರು ಮೊಳಕಾಲ್ಮೂರಿನ ನಮ್ಮತ್ತೆ.

ಅತ್ತೆಯದು ಮಗ್ಗದ ಮನೆ. ಅತ್ತೆಯಾದವಳು ಅಳಿಯನ ಎದುರು ಕೂರಬಾರದು, ಮುಖ ಕೊಟ್ಟು ಮಾತಾಡಬಾರದು ಎಂಬ ಹಳೆಯ ಪದ್ಧತಿಯನ್ನು ಆ ಬೀದಿಯಲ್ಲಿ ಉಳಿದವರೆಲ್ಲ ಎಂದೋ ಬಿಟ್ಟಿದ್ದರು, ಇವರೊಬ್ಬರು ಬಿಟ್ಟಿರಲಿಲ್ಲ. ಮದುವೆಯಾಗಿ ಒಂಬತ್ತು ವರ್ಷವಾದರೂ ಅವರ ಮಾತೆಲ್ಲ ಅಡುಗೆಮನೆಯ ಬಾಗಿಲ ಹಿಂದಿನಿಂದ, ಅದೂ ಮಗಳಿಗೆ. "ಅಳಿಯಂದಿರಿಗೆ ಇನ್ನೊಂದು ಮುದ್ದೆ ಹಾಕು." "ಅಳಿಯಂದಿರ ಬಸ್ಸಿಗೆ ಹೊತ್ತಾಯ್ತಾ ಕೇಳು." ನನ್ನ ಅವ್ವ ನಾನು ಚಿಕ್ಕವನಿದ್ದಾಗಲೇ ಹೋದಳು. ಅದಕ್ಕೋ ಏನೋ, ಈ ಹೆಣ್ಣುಮಗಳು ಒಂದೇ ಒಂದು ಸಲ ಎದುರು ಕೂತು ನನ್ನನ್ನು ಮಾತಾಡಿಸಲಿ ಎಂಬ ಆಸೆ ನನಗೆ. ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ, ಆ ಮನೆಯಿಂದ ನನಗೆ ಬೇಕಾಗಿದ್ದು ಅದೊಂದೇ.

ಒಂದು ಭಾನುವಾರ ಊಟವಾದ ಮೇಲೆ ಹೆಂಡತಿಗೆ ನನ್ನ ಓಪನಿಂಗಿನ ಹೆಚ್ಚುಗಾರಿಕೆ ಕೊಚ್ಚಿಕೊಳ್ಳುತ್ತಿದ್ದೆ. ಒಳಗಿಂದ ದನಿ ಬಂತು. "ಅಳಿಯಂದಿರು ಚದುರಂಗ ಆಡ್ತಾರಾ? ಹಂಗಾದ್ರೆ ಒಂದ್ ಕೈ ನೋಡಾಣ ಅಂತ ಹೇಳು." ನಾನು ಬೆಪ್ಪಾದೆ. ಅತ್ತೆ ಚಿಕ್ಕಂದಿನಲ್ಲಿ ತಮ್ಮ ಅಪ್ಪನಿಂದ ಕಲಿತಿದ್ದರಂತೆ, ಮಣೆಯೂ ಪೆಟ್ಟಿಗೆಯಲ್ಲಿತ್ತು. ಅವರು ಒಳಗೆ ಆ ಮಣೆ ಹಾಸಿದರು, ಹೆಂಡತಿಗೆ ತೋರಿಸಲೆಂದು ತಂದಿದ್ದ ನನ್ನ ಮಣೆಯನ್ನು ನಾನು ಹೊರಗೆ ಹಾಸಿದೆ. ಒಬ್ಬರ ನಡೆಯನ್ನು ಇನ್ನೊಬ್ಬರಿಗೆ ಮುಟ್ಟಿಸುವ ಕೆಲಸ ಹೆಂಡತಿಯದು.

ಮೊದಲ ನಡೆಗೇ ರಾಜನ ಮುಂದಿನ ಕಾಲಾಳನ್ನು ಎರಡು ಮನೆ ಮುಂದಿಟ್ಟೆ. ಒಳಗೆ ಹೋದ ಹೆಂಡತಿ ಸೆರಗಿನಲ್ಲಿ ನಗು ಮುಚ್ಚಿಕೊಂಡು ಬಂದಳು. "ರೀ, ನಿಮ್ ಬಂಟು ಕುಡಿದೈತಾ ಅಂತ ಕೇಳ್ತಾಳೆ ಅವ್ವ." ಗಡಿಯ ಆ ಮನೆಯಲ್ಲಿ ಕಾಲಾಳಿಗೆ ತೆಲುಗಿನ ಬಂಟು ಎಂಬ ಹೆಸರೇ. ಅತ್ತೆ ಕಲಿತ ನಾಟಿ ಆಟದಲ್ಲಿ ಬಂಟು ಯಾವತ್ತೂ ಒಂದೇ ಮನೆ ನಡೆಯಬೇಕು. ಲೋಕವೆಲ್ಲ ಎರಡು ಮನೆ ಆಡುತ್ತದೆ ಎಂದು ಹೇಳಿ ಕಳಿಸಿದೆ. "ಲೋಕ ಆಡ್ಕಳ್ಲಿ. ನಮ್ಮನ್ಯಾಗೆ ಒಂದೇ" ಎಂದು ಉತ್ತರ ಬಂತು. ಹದಿನಾಲ್ಕು ನಡೆಯ ಬಾಯಿಪಾಠ ಮೊದಲನೆಯದರಲ್ಲೇ ಮಣ್ಣುಪಾಲಾಯಿತು. ಅವತ್ತು ಸೋತೆ, ಮುಂದಿನ ವಾರ ಸೋತೆ, ಅದರ ಮುಂದಿನ ವಾರವೂ ಸೋತೆ. ಮೈಯೆಲ್ಲ ಉರಿಯುತ್ತಿತ್ತು, ಆದರೂ ಭಾನುವಾರ ಬಂದರೆ ಹೆಂಡತಿಯನ್ನು ಕರೆದುಕೊಂಡು ಮೊದಲ ಬಸ್ಸಿಗೇ ಓಡುತ್ತಿದ್ದೆ.

ಆಡುತ್ತಾ ಆಡುತ್ತಾ ಟೂರ್ನಿಯ ಸುದ್ದಿಯನ್ನೂ ಬಾಗಿಲ ಕಡೆಗೆ ಕೇಳುವಂತೆ ಗಟ್ಟಿಯಾಗಿ ಹೇಳತೊಡಗಿದೆ. ದೊಡ್ಡ ಟೂರ್ನಿಯೊಂದರಲ್ಲಿ ನಮ್ಮ ದೇಶದ ಹುಡುಗಿಯೊಬ್ಬಳು ಗಂಡಸರ ಜೊತೆ ಆಡುತ್ತಿದ್ದಳು. ಅತ್ತೆಗೆ ಅವಳ ಮೇಲೆ ಪ್ರಾಣ. "ಆ ಹುಡ್ಗಿ ಗಂಡಸ್ರ ಎದುರಿಗೇ ಕುಂತ್ಕಂತಾಳಂತಾ, ಕೇಳು" ಎಂದರು ಮಗಳಿಗೆ. ಎದುರಿಗೇ ಕೂರುತ್ತಾಳೆ, ಕೈ ಕುಲುಕಿಯೇ ಶುರು ಮಾಡುತ್ತಾಳೆ ಎಂದೆ.

ಟೂರ್ನಿಯ ಕೊನೆಯ ಸುತ್ತು ಬಿದ್ದದ್ದು ಒಂದು ಭಾನುವಾರ ಮಧ್ಯಾಹ್ನ. ಹೆಂಡತಿ ಪಕ್ಕದ ಮನೆಗೆ ಹಪ್ಪಳ ಒತ್ತಲು ಹೋಗಿದ್ದಳು, ಮಾವ ಮಲಗಿದ್ದರು. ನಡುವೆ ಮಾತು ಸಾಗಿಸುವವರೇ ಇಲ್ಲ. ನಾನು ಮೊಬೈಲು ನೋಡುತ್ತಾ ಹುಡುಗಿಯ ಆಟದ ಒಂದೊಂದೇ ನಡೆಯನ್ನು ಗೋಡೆಗೆ ಹೇಳಿದೆ. ಅತ್ತೆ ಒಳಗೆ ತಮ್ಮ ಮಣೆಯ ಮೇಲೆ ಅದನ್ನು ನಡೆಸುತ್ತಾ ಬಾಗಿಲಿಗೆ ಹೇಳಿದರು. "ಏನೇ ಬಾಗ್ಲೇ, ಆ ಒಂಟೆ ಅಲ್ಲಿಗೆ ಹೋಗಾಕೆ ದಾರಿನೇ ಇಲ್ವಲ್ಲೇ!" ನೋಡಿದರೆ ತಪ್ಪು ಹೇಳಿದ್ದು ನಾನೇ. ಈ ಹೆಂಗಸಿನ ತಲೆಗೆ ಕೈ ಮುಗಿಯಬೇಕು ಅನಿಸಿತು.

ಅಷ್ಟರಲ್ಲಿ ಹುಡುಗಿ ಕ್ಯಾಸ್ಲಿಂಗ್ ಮಾಡಿದಳು. ರಾಜ ಎರಡು ಮನೆ ಸರಿದ, ಆನೆ ಅವನನ್ನು ದಾಟಿ ಪಕ್ಕಕ್ಕೆ ಬಂತು ಎಂದು ಗೋಡೆಗೆ ವರದಿ ಕೊಟ್ಟೆ. ಅತ್ತೆಯ ನಾಟಿ ಆಟದಲ್ಲಿ ಇಂಥದ್ದಿಲ್ಲ. "ಒಂದೇ ಸಲಕ್ಕೆ ಎರಡು ಕಾಯಾ? ಎಂಗೆ?" ಮತ್ತೆ ಹೇಳಿದೆ. "ಯಾವ ಕಡೀಗೆ?" ಇನ್ನೊಮ್ಮೆ ಹೇಳಿದೆ. "ಥತ್, ತಿಳೀವಲ್ದು!" ನನಗೂ ತಲೆ ಕೆಟ್ಟಿತು. ಗೋಡೆಗೆ ಎಷ್ಟು ಸಲ ವಿವರಿಸಲಿ ಎಂದು ನಾನೂ ದನಿ ಏರಿಸಿಬಿಟ್ಟೆ.

ಒಳಗೆ ಬಳೆಯ ಸದ್ದಾಯಿತು. ಮುಗಿಯಿತು, ಸಿಟ್ಟು ಮಾಡಿಕೊಂಡರು ಎಂದು ನಾಲಿಗೆ ಕಚ್ಚಿಕೊಂಡೆ. ಅತ್ತೆ ಕಾಯಿ ಅಲುಗದ ಹಾಗೆ ಮಣೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೊಸ್ತಿಲು ದಾಟಿ ಬಂದರು. ತಲೆ ಮೇಲೆ ಸೆರಗಿತ್ತು. ನನ್ನೆದುರು ಚಾಪೆಯ ಮೇಲೆ ಕೂತು, ಮಣೆಯನ್ನು ನಡುವೆ ಇಟ್ಟು, ನನ್ನ ಮುಖ ನೋಡಿದರು.

"ತೋರ್ಸ್ರಿ" ಎಂದರು.

ತೋರಿಸಿದೆ. ಅವರೂ ಮಾಡಿ ನೋಡಿದರು, ಎಡಕ್ಕೊಮ್ಮೆ, ಬಲಕ್ಕೊಮ್ಮೆ. "ಅಯ್ಯ, ಇಷ್ಟೇನಾ? ರಾಜ ಮೂಲೆಗೋಗಿ ಬಚ್ಚಿಟ್ಕಂತಾನೆ" ಎಂದು ನಕ್ಕರು. ಅವರ ಮುಂದಿನ ಹಲ್ಲೊಂದು ಮುರಿದಿರುವುದು ನನಗೆ ಅವತ್ತೇ ಗೊತ್ತಾಗಿದ್ದು. ಹಾಗಾದರೆ ಆನೆ ಮೊದಲೇ ಜಾಗ ಬಿಟ್ಟು ಬಂದಿದ್ದರೆ, ರಾಜನಿಗೆ ಶಹ ಬಿದ್ದಿದ್ದರೆ ಎಂದು ಒಂದರ ಹಿಂದೆ ಒಂದು ಕೇಳಿದರು. ಎಲ್ಲವನ್ನೂ ನನ್ನನ್ನೇ ಕೇಳಿದರು.

ಹಿಟ್ಟಿನ ಕೈಯಲ್ಲಿ ಹೆಂಡತಿ ಬಾಗಿಲಿಗೆ ಬಂದು ನಿಂತಳು. ಅವ್ವನನ್ನು ನೋಡಿದಳು, ನನ್ನನ್ನು ನೋಡಿದಳು. ಒಂಬತ್ತು ವರ್ಷದ ಅಭ್ಯಾಸ, ಸುಮ್ಮನಿರುತ್ತದೆಯೇ? "ಅವ್ವ, ಅವರಿಗೇನು ಹೇಳ್ಬೇಕು?" ಎಂದಳು.

ಅತ್ತೆ ಮಣೆಯಿಂದ ತಲೆ ಎತ್ತಲೇ ಇಲ್ಲ. "ನೀನು ಸುಮ್ಕಿರೇ. ನಾವ್ ಮಾತಾಡ್ತಿದೀವಿ."