ಬಾಸಿಂಗ ಕಟ್ಟಾದ ಮೇಲೆ

ಹೆಲ್ಮೆಟ್ ಇಲ್ಲದೆ ನಾನು ಬೈಕಿನಲ್ಲಿ ಹಾಲಿನ ಡೈರಿಗೂ ಹೋದವನಲ್ಲ. ಅಂಥವನು ತೆರಕಣಾಂಬಿಯಲ್ಲಿ ನನ್ನ ಮದುವೆಯ ದಿನ ಬರೀ ಪೇಟ ಸುತ್ತಿಕೊಂಡು ಕುದುರೆ ಹತ್ತಿದೆ.

ಕುದುರೆ ನನ್ನ ಆಸೆಯಲ್ಲ. ದೇವಸ್ಥಾನದಿಂದ ಛತ್ರದವರೆಗಿನ ಮೆರವಣಿಗೆಗೆ ಅದನ್ನು ಬಾಡಿಗೆಗೆ ತರಿಸಿದ್ದು ಸೋದರಮಾವ. ಹೆಲ್ಮೆಟ್ ಹಾಕಿ ಅದರ ಮೇಲೆ ಪೇಟ ಸುತ್ತಿಸಿಕೊಳ್ಳಲೇ ಎಂದು ಬೆಳಿಗ್ಗೆಯೇ ಯೋಚಿಸಿದ್ದೆ. ನಗುತ್ತಾರೆಂದು ಸುಮ್ಮನಾದೆ. ಮಾವ ಹಣೆಗೆ ಬಾಸಿಂಗ ಇಟ್ಟು ಹಿಂದೆ ಗಂಟು ಬಿಗಿದ. ನಾನು ಹತ್ತಿ ಕೂತೆ. ಮೊದಲ ತಮಟೆ ಏಟಿಗೇ ಕುದುರೆ ಬೆಚ್ಚಿ ಪಕ್ಕಕ್ಕೆ ಹಾರಿತು.

"ಮಾವ, ನನ್ ಹೆಲ್ಮೆಟ್ ತರ್ಸು, ಹಾಕೊಂತೀನಿ."

"ಈಗ್ ಯೋಳ್ತಿಯಲ್ಲ! ಬಾಸಿಂಗ ಕಟ್ಟಾಯ್ತು. ಧಾರೆ ಆಗೋಗಂಟ ಬಿಚ್ಚಂಗಿಲ್ಲ ಕಣ್ಲಾ. ಸುಮ್ಕೆ ಕೂತ್ಕೊ."

ಇಳಿಯುವಂತಿಲ್ಲ, ಬಿಚ್ಚುವಂತಿಲ್ಲ. ಬಾಸಿಂಗದ ಮುತ್ತಿನ ಸರಗಳು ಕಣ್ಣಿಗೆ ಅಡ್ಡ ಬಂದು ಕುದುರೆಯ ಕಿವಿಯೂ ಸರಿಯಾಗಿ ಕಾಣದು. ಪಟಾಕಿ ಹಚ್ಚಿದಾಗಲೆಲ್ಲ ಹಲ್ಲು ಕಚ್ಚಿ ತೊಡೆ ಬಿಗಿಹಿಡಿದೆ. ಕೆಳಗೆ ನಿಂತವರೆಲ್ಲ "ನಗು, ನಗು" ಅನ್ನುತ್ತಿದ್ದರು. ಒಡೆಯುವುದು ನನ್ನ ತಲೆ, ತೀರ್ಮಾನ ಮಾತ್ರ ಊರಿನವರದು ಎಂದು ಮೈಯೆಲ್ಲ ಉರಿಯಿತು.

ಪುಣ್ಯಕ್ಕೆ ಬೀಳಲಿಲ್ಲ.

ಎರಡು ದಿನ ಬಿಟ್ಟು ಹೆಂಡತಿಯನ್ನು ಬೈಕಿನಲ್ಲಿ ಗುಂಡ್ಲುಪೇಟೆಗೆ ಕರೆದುಕೊಂಡು ಹೊರಟೆ. ದಾರಿಯುದ್ದಕ್ಕೂ ಆ ಕುದುರೆಯ ಕತೆ ಹೇಳಿ ಮಾವನನ್ನು ಬೈಯಬೇಕೆಂದಿದ್ದೆ. ಮನೆಯಲ್ಲಿದ್ದ ಒಂದೇ ಹೆಲ್ಮೆಟ್ಟನ್ನು ನಾನು ಹಾಕಿಕೊಂಡು ಪಟ್ಟಿ ಬಿಗಿದೆ. ಅವಳು ಒಂದು ಗಳಿಗೆ ನನ್ನ ತಲೆಯನ್ನೇ ನೋಡಿದಳು. ಆಮೇಲೆ ಸೆರಗನ್ನು ತನ್ನ ತಲೆಗೆ ಹೊದ್ದುಕೊಂಡು ಹಿಂದೆ ಹತ್ತಿ ಕೂತಳು.