ಅಂಚು ಬಿಟ್ಟು

ನಮ್ಮ ಬೈಂಡಿಂಗ್ ಅಂಗಡಿಯ ಕಿಟಕಿಯಲ್ಲಿ ಈಗ ಒಂದು ಆಮೆ ಕೂತಿದೆ. ರಟ್ಟಿನ ಚೂರುಗಳಿಂದ ಮಾಡಿದ್ದು. ಅದರ ಬೆನ್ನು ತೆರೆದರೆ ಒಳಗೆ ಬೆರಳುದ್ದದ ಪುಸ್ತಕ, ಆ ಪುಸ್ತಕದ ನಡುವಿನ ಪುಟ ಬಿಡಿಸಿದರೆ ಇನ್ನೊಂದು ಮರಿ ಆಮೆ. ಪಕ್ಕದಲ್ಲಿ ನಾಲಿಗೆ ಚಾಚಿದ ಲಕೋಟೆ. ಪ್ರಬಂಧ ಕಟ್ಟಿಸಲು ಬರುವ ವಿದ್ಯಾರ್ಥಿಗಳು ಇದು ಬೈಂಡಿಂಗ್ ಅಂಗಡಿಯೋ ಆಟಿಕೆ ಅಂಗಡಿಯೋ ಎಂದು ಎರಡು ಸಲ ಬೋರ್ಡು ಓದಿ ಒಳಗೆ ಬರುತ್ತಾರೆ. ಇವನ್ನೆಲ್ಲ ಮಾಡಿದ್ದು ನಮ್ಮಕ್ಕ ಎಂದರೆ ಹಳೆಯ ಗಿರಾಕಿಗಳು ನಂಬುವುದಿಲ್ಲ. ಅವರದೇನೂ ತಪ್ಪಿಲ್ಲ. ಎರಡು ವರ್ಷದ ಹಿಂದೆ ಯಾರಾದರೂ ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ.

ಅಕ್ಕನಿಗೆ ನಮ್ಮ ಬೀದಿಯವರು ಇಟ್ಟ ಅಡ್ಡಹೆಸರು ಮೂಲೆಮಟ್ಟ. ಬಡಗಿಗಳು ಮೂಲೆ ನೆಟ್ಟಗಿದೆಯೇ ಎಂದು ಇಟ್ಟು ನೋಡುತ್ತಾರಲ್ಲ, ಆ ಸಾಮಾನು. ಮೂವತ್ತು ವರ್ಷ ಕಾಗದ ಕತ್ತರಿಸಿ ಕತ್ತರಿಸಿ ಅವಳ ಕಣ್ಣು ಹಾಗಾಗಿತ್ತು. ಯಾರ ಮನೆಗೆ ಹೋದರೂ ಮೊದಲು ಗೋಡೆಯ ಕ್ಯಾಲೆಂಡರ್ ಸರಿ ಮಾಡಿ ಆಮೇಲೆ ಕೂರುತ್ತಿದ್ದಳು. ಡಾಕ್ಟರ ಹತ್ತಿರ ಹೋದಾಗ ಅವಳ ಸರದಿ ಬಂದರೂ ಏಳಲಿಲ್ಲವಂತೆ, ಅಲ್ಲಿದ್ದ ಹಳೆಯ ಪತ್ರಿಕೆಗಳನ್ನು ಅಳತೆ ಪ್ರಕಾರ ಜೋಡಿಸುವುದು ಮುಗಿದಿರಲಿಲ್ಲ. ಮಧ್ಯಾಹ್ನ ಅಡ್ಡಾದಿಡ್ಡಿ ಮಲಗಿದ್ದ ಭಾವನನ್ನು ಎಬ್ಬಿಸಿ, ಮಂಚಕ್ಕೆ ಸರಿಯಾಗಿ ಮತ್ತೆ ಮಲಗಿಸಿದ್ದೂ ಉಂಟು. ಅಂಗಡಿಯಲ್ಲಿ ಕತ್ತರಿಸುವುದು, ರಟ್ಟು ಹಾಕುವುದು ಅವಳ ಕೆಲಸ. ಹೊಲಿಗೆ ನನ್ನದು. ಜಗಳ ಇಬ್ಬರದೂ.

ಆ ಹುಡುಗಿ ಬಂದದ್ದು ಒಂದು ಸೋಮವಾರ. ಹುಡುಗಿ ಎಂದರೆ ಮೂವತ್ತರ ಆಸುಪಾಸು. ಬೀದಿಯ ಕೊನೆಯ ಹಳೆ ಗೋದಾಮನ್ನು ಬಾಡಿಗೆಗೆ ಹಿಡಿದು ಕಲೆಯೋ ಏನೋ ಮಾಡುತ್ತಾಳೆ ಎಂದಷ್ಟೇ ನಮಗೆ ಗೊತ್ತಿತ್ತು. ಬಟ್ಟೆಯಲ್ಲಿ ಸುತ್ತಿದ ಗಂಟು ತಂದು ಮೇಜಿನ ಮೇಲೆ ಬಿಚ್ಚಿದಳು. ಕೈಯಿಂದ ಮಾಡಿದ ಕಾಗದ, ನಲವತ್ತು ಹಾಳೆ. ಒಂದೊಂದಕ್ಕೂ ಒಂದೊಂದು ಬಣ್ಣ: ತಿಳಿ ನೀಲಿ, ಬೂದಿ, ಮಾಸಲು ಹಸಿರು, ಒಂದಷ್ಟು ಬಿಳಿ. ಮುಟ್ಟಿದರೆ ಮೆತ್ತಗೆ, ಬೆಚ್ಚಗೆ. ಆದರೆ ಅಂಚು ಮಾತ್ರ ಇಲಿ ಕಡಿದ ಹಾಗೆ ನಾಲ್ಕೂ ಕಡೆ ಎಳೆ ಎಳೆ. ಅಕ್ಕ ನನ್ನ ಮುಖ ನೋಡಿದಳು. ಅಷ್ಟರಲ್ಲಿ ಹುಡುಗಿಯ ಫೋನು ಹೊಡೆದುಕೊಳ್ಳತೊಡಗಿತು. ಹೊಸ್ತಿಲು ದಾಟುತ್ತಾ ತಿರುಗಿ ಹೇಳಿದಳು.

"ಅಕ್ಕಾ, ಅಂಚು ಬಿಟ್ಟು ಬೈಂಡ್ ಮಾಡಿ. ಬುಧವಾರ ಬರ್ತೀನಿ."

ಪರವಾಗಿಲ್ಲ, ತಿಳುವಳಿಕೆ ಇರುವ ಹುಡುಗಿ ಎಂದು ಅಕ್ಕ ನೆಮ್ಮದಿಯ ಉಸಿರು ಬಿಟ್ಟಳು. ಹಾಳೆಗಳನ್ನು ತಟ್ಟಿ ಕುಟ್ಟಿ ಸೇರಿಸಿ ಕಟಿಂಗ್ ಮಷೀನಿಗೆ ಕೊಟ್ಟು, ಮೂರು ಕಡೆ ಎಳೆಯೆಲ್ಲ ತೆಗೆದು, ಗಾಜಿನ ಹಾಗೆ ನುಣುಪು ಮಾಡಿ ಇಟ್ಟಳು. ಹೊಲಿಗೆಯ ಕಡೆ ಹೇಗೂ ಒಳಗೆ ಹೋಗುತ್ತದೆ ಎಂದು ಅದನ್ನಷ್ಟೇ ಮುಟ್ಟಲಿಲ್ಲ. ತಪ್ಪೇನಿತ್ತು, ನೀವೇ ಹೇಳಿ. ಸಿಪ್ಪೆ ಬಿಟ್ಟು ಹಣ್ಣು ತಿನ್ನು ಎಂದರೆ ಸಿಪ್ಪೆ ತೆಗೆಯಬೇಕು ಎಂದೇ ಅಲ್ಲವೇ?

ಬುಧವಾರ ಬೆಳಿಗ್ಗೆ, ನಾನು ಹೊಲಿಗೆಗೆ ಕೂರುವ ಮೊದಲೇ, ಹುಡುಗಿ ಬಂದಳು. ಮೇಲಿನ ಹಾಳೆ ಎತ್ತಿಕೊಂಡು ಅದರ ಬದಿಯ ಉದ್ದಕ್ಕೂ ಹೆಬ್ಬೆರಳು ಎಳೆದಳು. ಇನ್ನೊಂದು ಹಾಳೆ ಎತ್ತಿದಳು. ಆಮೇಲೆ ಅಲ್ಲೇ ಇದ್ದ ಕಾಗದದ ಕಟ್ಟಿನ ಮೇಲೆ ಕುಸಿದು ಕೂತಳು.

"ಬಿಟ್ಟು ಅಂದ್ರೆ, ಅದು ಹೇಗಿದೆಯೋ ಹಾಗೇ ಬಿಟ್ಟು ಅಂತ ಅಕ್ಕಾ," ಎಂದಳು, ಬಹಳ ಸಣ್ಣ ದನಿಯಲ್ಲಿ.

ನನ್ನ ನಾಲಿಗೆ ಸುಮ್ಮನಿರುವ ಜಾತಿಯದಲ್ಲ. ಸರಿಯಾಗಿ ಹೇಳಬೇಕಿತ್ತು, ಫೋನು ಹಿಡಿದುಕೊಂಡು ಅರ್ಧ ಮಾತು ಎಸೆದು ಹೋದರೆ ನಮಗೇನು ಕನಸು ಬೀಳುತ್ತದೆಯೇ ಎಂದು ಶುರು ಮಾಡಿದೆ. ಅಕ್ಕ ಕೈ ಎತ್ತಿ ನನ್ನ ಬಾಯಿ ಮುಚ್ಚಿಸಿದಳು. ಹುಡುಗಿ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ನಿಧಾನವಾಗಿ ಹೇಳಿದಳು: ಅವು ತೀರಿಹೋದ ಅವಳ ತಂದೆಯ ಅಂಗಿಗಳು. ಎರಡು ವರ್ಷ ಅವರ ಬಟ್ಟೆಯ ಬೀರುವಿಗೆ ಕೈ ಹಾಕದ ತಾಯಿ, ಈ ವರ್ಷ ತಾನಾಗಿಯೇ ತೆಗೆದು, ನಿನಗೆ ಬೇಕಾದ್ದು ಮಾಡಿಕೋ ಎಂದು ಕೊಟ್ಟಿದ್ದಳು. ಹುಡುಗಿ ಗುಂಡಿ ಬಿಚ್ಚಿ, ಹೊಲಿಗೆ ಬಿಚ್ಚಿ, ಬಟ್ಟೆಯನ್ನು ಚೂರು ಮಾಡಿ ನೆನೆಹಾಕಿ, ಅರೆದು ಹಿಟ್ಟಿನಂತೆ ಮಾಡಿ, ಒಂದು ಅಂಗಿಗೆ ಒಂದರಂತೆ ಜರಡಿಯಲ್ಲಿ ಹಾಳೆ ಎತ್ತಿದ್ದಳು. ನೀರು ತಾನಾಗಿ ನಿಂತಲ್ಲೇ ಅಂಚು. ಅಪ್ಪನ ಅಂಗಿ ಎಷ್ಟಿತ್ತೋ ಅಷ್ಟೂ ಆ ಹಾಳೆಯಲ್ಲಿರಬೇಕು, ಒಂದು ಎಳೆಯೂ ಹೊರಗೆ ಹೋಗಬಾರದು ಎಂಬುದು ಅವಳ ಆಸೆ. ಶನಿವಾರ ಪ್ರದರ್ಶನ. ತಾಯಿ ಬರುತ್ತಾಳೆ.

ಅಕ್ಕನ ಮುಖ ನೋಡಲಾಗಲಿಲ್ಲ. ಇಷ್ಟು ವರ್ಷದಲ್ಲಿ ಒಂದು ಹಾಳೆ ಹಾಳು ಮಾಡಿದವಳಲ್ಲ. ನಾನು ಬೈದ ನಾಲಿಗೆ ಕಚ್ಚಿಕೊಂಡೆ.

ಪುಣ್ಯಕ್ಕೆ ರದ್ದಿಯ ಚೀಲ ಇನ್ನೂ ಮೂಲೆಯಲ್ಲೇ ಇತ್ತು. ಅಕ್ಕ ಅದನ್ನು ನೆಲದ ಮೇಲೆ ಬೋರಲು ಸುರಿದಳು. ಹಾಜರಿ ಪುಸ್ತಕದ ಚೂರು, ಮದುವೆ ಕಾಗದದ ಚೂರು, ಪ್ರಶ್ನೆಪತ್ರಿಕೆಯ ಚೂರು. ಮೂವರೂ ನೆಲಕ್ಕೆ ಕೂತು ಅವುಗಳ ನಡುವಿನಿಂದ ಅಂಗಿ ಕಾಗದದ ಅಂಚಿನ ಪಟ್ಟಿಗಳನ್ನು ಆರಿಸಿದೆವು. ಊಟ ತಂದ ಭಾವ ಬಾಗಿಲಲ್ಲೇ ನಿಂತು, ಅಂತೂ ನಿಮ್ಮಕ್ಕ ನೆಲದ ಮೇಲೆ ಕಸ ಹರಡಿದ್ದನ್ನು ನೋಡುವ ಭಾಗ್ಯ ಬಂತು ಎಂದರು. ಯಾರೂ ನಗದಿದ್ದಾಗ ಅವರೂ ಕೂತು ಆರಿಸತೊಡಗಿದರು. ಹಾಳೆಗೆ ಮೂರರಂತೆ ನೂರಿಪ್ಪತ್ತು ಪಟ್ಟಿಯಲ್ಲಿ ನೂರಹದಿನೇಳು ಸಿಕ್ಕವು.

ಅವನ್ನು ಹರಡಿ ಜೋಡಿಸಲು ನಮ್ಮಲ್ಲಿ ಜಾಗ ಎಲ್ಲಿದೆ? ಗೋದಾಮಿಗೆ ಹೋದೆವು. ಒಳಗೆ ಕಾಲಿಟ್ಟ ಅಕ್ಕ ಬಾಗಿಲಲ್ಲೇ ನಿಂತುಬಿಟ್ಟಳು. ಒಂದು ಗಡಿಯಾರ, ಅದರ ಹನ್ನೆರಡೂ ಅಂಕಿಗಳು ಸುಸ್ತಾಗಿ ಜಾರಿದಂತೆ ಕೆಳಗೆ ಗುಡ್ಡೆಯಾಗಿ ಬಿದ್ದಿದ್ದವು. ಒಂದು ಕುರ್ಚಿ, ಅದರ ಒಂದೇ ಕಾಲಿಗೆ ಉಣ್ಣೆಯ ಕಾಲುಚೀಲ. ಹಿಡಿಕೆ ಒಳಗಡೆ ಇರುವ ಕಾಫಿ ಕಪ್ಪು. ಸೂರಿನಿಂದ ತೂಗುವ ಕಾಗದದ ಮೀನುಗಳು, ಒಂದಕ್ಕೆ ಕನ್ನಡಕ. ಹೀಗೂ ದೊಡ್ಡವರು ಆಡುತ್ತಾರೆಯೇ ಎಂದು ನಾನು ಬೆರಗಾದೆ. ಅಕ್ಕನ ಕಣ್ಣು ಗೋಡೆಯ ಮೇಲೆ ಸೊಟ್ಟಗೆ ತೂಗುತ್ತಿದ್ದ ಖಾಲಿ ಚೌಕಟ್ಟಿನ ಮೇಲಿತ್ತು. ಅಷ್ಟು ದುಃಖದಲ್ಲೂ ಕೈ ಕೇಳಬೇಕಲ್ಲ, ಹೋಗಿ ನೆಟ್ಟಗೆ ಮಾಡಿದಳು. ಎರಡು ಹೆಜ್ಜೆ ಹಿಂದೆ ಬಂದಳು. ಅದು ಮೆಲ್ಲಗೆ ಮತ್ತೆ ಸೊಟ್ಟಗಾಯಿತು. ಮತ್ತೆ ಹೋದಳು. ಮತ್ತೆ ಸೊಟ್ಟ. ಮೂರನೆಯ ಸಲ ಅದನ್ನು ಗಟ್ಟಿಯಾಗಿ ಹಿಡಿದು ನಿಂತು, ಗದರುವಂತೆ ನೋಡಿ ಕೈ ಬಿಟ್ಟಳು. ಚೌಕಟ್ಟು ಈ ಸಲ ಇನ್ನೊಂದು ಕಡೆಗೆ ವಾಲಿತು.

ಹುಡುಗಿ ಚೌಕಟ್ಟಿನ ಹಿಂದೆ ಭಾರ ಕಟ್ಟಿ ಅದನ್ನು ಬೇಕೆಂದೇ ಹಾಗೆ ಮಾಡಿದ್ದಳು.

"ನಾಯಿ ಬಾಲಕ್ಕೆ ದಬ್ಬೆ ಕಟ್ಟಿದ ಹಾಗಾಯ್ತಲ್ಲೇ," ಎಂದ ಅಕ್ಕನಿಗೆ ನಗು ತಡೆಯಲಾಗಲಿಲ್ಲ. ಸೊಂಟ ಹಿಡಿದುಕೊಂಡು ನಕ್ಕಳು. ಅವಳು ನಗುವುದನ್ನು ನೋಡಿ ಹುಡುಗಿಗೂ ಬೆಳಗಿನಿಂದ ಮೊದಲ ಸಲ ನಗು ಬಂತು. ನಕ್ಕು ಮುಗಿಸುವಾಗ ಇಬ್ಬರ ಕಣ್ಣಲ್ಲೂ ನೀರಿತ್ತು, ಯಾವುದು ಯಾವುದರದೆಂದು ನಾನು ಕೇಳಲಿಲ್ಲ.

ಪಟ್ಟಿಗಳನ್ನು ಅಂಟಿಸೋಣವೇ ಎಂದಳು ಹುಡುಗಿ. ಅಂಟು ತಗುಲಿದರೆ ಅಂಚು ರಟ್ಟಿನಂತೆ ಬಿರುಸಾಗುತ್ತದೆ ಎಂದಳು ಅಕ್ಕ. ಒಂದು ನೀಲಿ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಕೂತಿದ್ದವಳು ನನ್ನ ಕಡೆ ತಿರುಗಿದಳು.

"ಅಂಗಿ ಹರಿದ್ರೆ ಯಾರಾದ್ರೂ ಅಂಟು ಹಾಕ್ತಾರೇನೇ? ಹೊಲೀತಾರೆ."

ಹೀಗೆ ಅಕ್ಕ ಕತ್ತರಿಸಿದ್ದನ್ನು ಹೊಲಿಯುವ ಪಾಲು ನನ್ನದಾಯಿತು. ಮಾಡಿದವರ ಪಾಪ ಆಡಿದವರ ಬಾಯಲ್ಲಿ ಎನ್ನುತ್ತಾರೆ, ನನಗೆ ಬೆರಳಲ್ಲೇ ಬಂತು. ಆ ಕಾಗದಕ್ಕೆ ದಾರ ಬಿಗಿಯಾಗಿ ಎಳೆದರೆ ಹರಿಯುತ್ತದೆ, ಸಡಿಲ ಬಿಟ್ಟರೆ ಅಂಚು ಜೋಲುತ್ತದೆ. ಒಂದು ಹೊಲಿಗೆ ಉದ್ದ, ಒಂದು ಗಿಡ್ಡ. ಹುಡುಗಿ ಬಣ್ಣ ನೋಡಿ ಪಟ್ಟಿ ಹೊಂದಿಸುವಳು, ಅಕ್ಕ ಹಿಡಿದುಕೊಳ್ಳುವಳು, ನಾನು ಚುಚ್ಚುವೆ. ಬಿಳಿ ಅಂಗಿಗಳು ಬಂದಾಗ ಕೆಲಸ ನಿಂತಿತು. ಹನ್ನೊಂದು ಬಿಳಿ ಹಾಳೆ, ಯಾವ ಪಟ್ಟಿ ಯಾವುದರದೆಂದು ದೇವರಿಗೇ ಗೊತ್ತು. ಅಕ್ಕ ಕಿಟಕಿಯ ಬೆಳಕಿಗೆ ಹಿಡಿದು ಹಿಡಿದು ನೋಡುತ್ತಿದ್ದರೆ, ಹುಡುಗಿ, ಯಾವುದಾದರೂ ಹಾಕಿ ಅಕ್ಕಾ, ಅಪ್ಪನಿಗೇ ಗೊತ್ತಾಗುತ್ತಿರಲಿಲ್ಲ, ಒಗೆದದ್ದು ಬಿಟ್ಟು ಒಗೆಯದ್ದನ್ನೇ ಹಾಕಿಕೊಂಡು ಹೋಗುತ್ತಿದ್ದರು ಎಂದಳು. ಕಳೆದುಹೋದ ಮೂರು ಪಟ್ಟಿಗೆ ಅವಳು ಮೊದಲು ಅಭ್ಯಾಸಕ್ಕೆಂದು ಬೇರೆ ಬಟ್ಟೆಯಲ್ಲಿ ಮಾಡಿಟ್ಟಿದ್ದ ಕಾಗದವನ್ನು ನೀರಿನ ಕುಂಚದಿಂದ ಒದ್ದೆ ಮಾಡಿ, ಅಂಚಿಗೆ ಎಳೆ ಬರುವಂತೆ ಕೈಯಲ್ಲಿ ಹರಿಯಬೇಕಿತ್ತು. ಅಕ್ಕ ಹರಿದಳು. ಒಂದು ಹರಿದ ಮೇಲೆ ಇನ್ನೊಂದು ಕೊಡು ಎಂದು ಕೈ ಚಾಚಿದಳು. ಮೂರು ಸಾಕಾಗಿದ್ದಲ್ಲಿ ಏಳು ಹರಿದಿದ್ದಳು.

ಉಳಿದ ನಾಲ್ಕರಲ್ಲಿ ಶುಕ್ರವಾರ ಅವಳೊಂದು ಜೇಬು ಮಾಡಿದಳು. ಯಾರೂ ಹೇಳಿರಲಿಲ್ಲ. ನಡುವಿನ ಹಾಳೆಯ ಮೇಲೆ, ಎಡಗಡೆ, ತುಸು ವಾಲಿಸಿ ಕೂರಿಸಿ, "ಜೇಬಿಲ್ಲದ ಅಂಗಿ ಯಾವ ಅಪ್ಪ ಹಾಕ್ತಾನೆ?" ಎಂದಳು. ಹುಡುಗಿ ಅಕ್ಕನ ಭುಜಕ್ಕೆ ಹಣೆ ಒತ್ತಿದಳು.

ಆ ರಾತ್ರಿಯೇ ಹಾಳೆಗಳನ್ನು ಸೇರಿಸಿ ಪುಸ್ತಕ ಕಟ್ಟಿ ಮುಗಿಸಿದೆವು. ಶನಿವಾರ ಗೋದಾಮು ತುಂಬಿತ್ತು. ಚೌಕಟ್ಟನ್ನು ಸರಿ ಮಾಡಲು ಹೋಗಿ ಮೋಸ ಹೋಗುವವರನ್ನು ಅಕ್ಕ ಬಾಯಿಗೆ ಸೆರಗು ಅಡ್ಡ ಹಿಡಿದು ನೋಡುತ್ತಿದ್ದಳು. ಹುಡುಗಿಯ ತಾಯಿ ಬಂದದ್ದು ಸಂಜೆ ಐದಕ್ಕೆ. ತೆಳ್ಳಗಿನ ಹೆಂಗಸು, ಕೈಚೀಲವನ್ನು ಎದೆಗೆ ಅವುಚಿಕೊಂಡಿದ್ದರು. ಅಂಚು ಕತ್ತರಿಸಿ ಮತ್ತೆ ಹೊಲಿದದ್ದೊಂದೂ ಅವರಿಗೆ ಗೊತ್ತಿಲ್ಲ. ಹುಡುಗಿ ಕರೆದುತಂದು ಪುಸ್ತಕದ ಮುಂದೆ ನಿಲ್ಲಿಸಿದಳು. ನಾವಿಬ್ಬರೂ ಮೇಜಿನ ಈಚೆಗೆ ಕಳ್ಳರ ಹಾಗೆ ನಿಂತಿದ್ದೆವು.

ಅವರು ಒಂದೊಂದೇ ಹಾಳೆ ತಿರುವಿದರು. ಜೇಬಿನ ಹಾಳೆ ಬಂದಾಗ ಎರಡು ಬೆರಳು ಒಳಗಿಟ್ಟು ನೋಡಿ ನಕ್ಕರು. ಆಮೇಲೆ ಒಂದು ತಿಳಿ ನೀಲಿ ಹಾಳೆಯ ಮೇಲೆ ಕೈ ನಿಂತಿತು. ನನ್ನ ಹೊಲಿಗೆಯ ಸಾಲಿನ ಮೇಲೆ ಬೆರಳು ಹಿಂದಕ್ಕೆ ಮುಂದಕ್ಕೆ ಓಡಾಡಿತು.

"ಇದು ನಾನು ಹಾಕಿದ ಹೊಲಿಗೆ," ಎಂದರು ತಾಯಿ. "ಬಸ್ಸಿಗೆ ಹೊತ್ತಾಯ್ತು ಅಂತ ಅವರು ಕುಣೀತಿದ್ರು, ಮೈಮೇಲೆ ಇದ್ದಾಗಲೇ ಹೊಲಿದುಬಿಟ್ಟೆ. ನೋಡಿ ಹೇಗೆ ವಕ್ರವಾಗಿದೆ. ಇಷ್ಟೆಲ್ಲ ಅರೆದರೂ ಇದು ಹೋಗಲಿಲ್ಲವಾ?"

ಹುಡುಗಿ ನಮ್ಮ ಕಡೆ ನೋಡಿದಳು. ನಾನು ನೆಲ ನೋಡಿದೆ. ಒಂದು ಕೂದಲೆಳೆಯಷ್ಟು ಅಳತೆ ತಪ್ಪಿದರೂ ಗಿರಾಕಿಗೆ ತಾನೇ ಹೇಳಿ ಪುಸ್ತಕ ವಾಪಸು ತೆಗೆದುಕೊಳ್ಳುವವಳು ನಮ್ಮಕ್ಕ. ಅವಳು ಮೇಜು ಸುತ್ತಿ ಹೋಗಿ ಆ ತಾಯಿಯ ಪಕ್ಕ ನಿಂತು, ಬಗ್ಗಿ, ಹೊಲಿಗೆಯನ್ನು ಹತ್ತಿರದಿಂದ ನೋಡಿದಳು.

"ಇಲ್ಲಮ್ಮ," ಎಂದಳು. "ಗಟ್ಟಿ ಹೊಲಿಗೆ ನಿಮ್ಮದು. ಹೋಗಲಿಲ್ಲ."