ಬಳಿ ಇಲ್ಲದಾವ್ರು ಮುಂದ ಬರ್ರಿ

ಯಾರಿಗೂ ಎದುರಾಗದಂತೆ ಬದುಕುವುದು ಒಂದು ವಿದ್ಯೆ. ಸವಣೂರಿನ ನಮ್ಮ ಮನೆಯಲ್ಲಿ ನಾನದನ್ನು ಐದು ವರ್ಷ ಅಭ್ಯಾಸ ಮಾಡಿದೆ. ನನ್ನ ಇಪ್ಪತ್ತೆರಡನೆಯ ವಯಸ್ಸಿಗೆ ಗಂಡ ತೀರಿಕೊಂಡ. ತವರಿಗೆ ಬಂದ ಮೇಲೆ, ಪಡಸಾಲೆಯಲ್ಲಿ ಅಪ್ಪ ಗೂಟದಿಂದ ಕೋಟು ತೆಗೆದ ಸಪ್ಪಳ ಕೇಳಿದರೆ ಸಾಕು, ನಾನು ಅಡಿಗೆಮನೆಯ ಬಾಗಿಲ ಹಿಂದೆ ಸರಿಯುತ್ತಿದ್ದೆ. ಹೊರಟವರಿಗೆ ವಿಧವೆ ಎದುರು ಬಂದರೆ ಅಪಶಕುನ. ತಪ್ಪಿ ಬಂದರೆ ಅವರು ಒಳಗೆ ಹೋಗಿ, ಚಾಪೆಯ ಮೇಲೆ ಕೂತು, ನೀರು ಕುಡಿದು ಮತ್ತೆ ಹೊರಡಬೇಕು. ಅಪ್ಪ ಶಾಸ್ತ್ರ ಓದಿಕೊಂಡವರು, ಊರೂರಿಗೆ ಹೋಗಿ ಪುರಾಣ ಹೇಳುತ್ತಿದ್ದರು. ಬಂಧುಗಳೆಲ್ಲ ಬೇಡವೆಂದರೂ ನನ್ನನ್ನು ಶಿಕ್ಷಕಿಯ ತರಬೇತಿಗೆ ಕಳಿಸಿದವರು ಅವರೇ. ನನಗೊಂದು ಕೆಟ್ಟ ಮಾತು ಆಡಿದವರಲ್ಲ. ಆದರೆ ನೀರು ಮಾತ್ರ ತಪ್ಪದೆ ಕುಡಿಯುತ್ತಿದ್ದರು.

ಆಡೂರಿನ ಹತ್ತಿರದ ಹಳ್ಳಿಯ ಶಾಲೆಯಲ್ಲಿ ನನಗೆ ನೌಕರಿ ಸಿಕ್ಕಿತು. ರಜೆಗೆ ಸವಣೂರಿಗೆ ಬಂದರೆ ಮತ್ತೆ ಅದೇ ಬಾಗಿಲ ಹಿಂದೆ. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಒಂದು ಬೇಸಿಗೆ ರಜೆಯಲ್ಲಿ ಹಾನಗಲ್ಲು, ಶಿಗ್ಗಾಂವ, ಸವಣೂರು, ಹಿರೇಕೆರೂರು ತಾಲೂಕುಗಳ ಶಿಕ್ಷಕಿಯರಿಗೆ ಶಿಗ್ಗಾಂವದಲ್ಲಿ ವಿಜ್ಞಾನ ಪಾಠದ ಶಿಬಿರ ನಡೆಯಿತು. ಕೊನೆಯಲ್ಲಿ ಎರಡು ದಿನ ಘಟ್ಟದ ರಕ್ಷಿತ ಕಾಡಿಗೆ ಹೋಗಿ ಪ್ರಾಣಿ ಪಕ್ಷಿ ನೋಡುವುದೆಂದು ಗೊತ್ತಾಯಿತು. ಹದಿನಾಲ್ಕು ಮಂದಿ ಹೆಸರು ಕೊಟ್ಟೆವು. ನಾನಂತೂ ಎಲ್ಲರಿಗಿಂತ ಮೊದಲು ಕೊಟ್ಟಿದ್ದೆ.

ಬಸ್ಸು ಬಂದು ನಿಂತಾಗ ನಮ್ಮ ತಂಡದ ಹಿರಿಯರಾದ ಹಿರೇಕೆರೂರು ಕಡೆಯ ಮುಖ್ಯ ಶಿಕ್ಷಕಿ, ನಮ್ಮೆಲ್ಲರ ಬಾಯಲ್ಲಿ ಹೆಡ್‌ಬಾಯಿಯವರು, ನನ್ನ ಮೊಣಕೈ ಹಿಡಿದು ಮೆಲ್ಲಗೆ ಹೇಳಿದರು: "ನೀವು ಕಡೀಕ ಹತ್ರಿ, ಅಕ್ಕೋರ. ದೂರದ ಹಾದಿ ಐತಿ, ತಪ್ಪು ತಿಳ್ಕೋಬ್ಯಾಡ್ರಿ."

ಅವರು ಕೆಟ್ಟವರಲ್ಲ. ಶಿಬಿರದಲ್ಲಿ ನನಗೆ ಜ್ವರ ಬಂದಾಗ ಗಂಜಿ ಕಾಸಿ ಕುಡಿಸಿದವರು. ಒಳ್ಳೆಯವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಕಷ್ಟ, ಮಾಡಿಕೊಂಡರೂ ಹೇಳಿಕೊಳ್ಳಲು ಬಾಯಿ ಬರುವುದಿಲ್ಲ. ಕೊನೆಗೆ ಹತ್ತಿ ಹಿಂದಿನ ಸೀಟಿನಲ್ಲಿ ಕೂತೆ. ತಡಸ ದಾಟಿ ಮುಂಡಗೋಡದ ಹಾದಿ ಹಿಡಿದು ಘಟ್ಟದ ಕಾಡಿನ ಬಂಗಲೆ ಮುಟ್ಟುವವರೆಗೂ ಪ್ರತಿ ತಗ್ಗಿಗೂ ನನ್ನ ತಲೆ ಮೇಲಿನ ತಗಡಿಗೆ ಬಡಿಯಿತು.

ನಮಗೆ ಕಾಡು ತೋರಿಸಲು ಬಂದವನು ಒಬ್ಬ ಕಾವಲುಗಾರ. ತಡಸದ ಕಡೆಯವನೇ, ಕಾಡಿನ ನೌಕರಿ ಹಿಡಿದು ಅಲ್ಲೇ ಅರ್ಧ ಆಯುಷ್ಯ ಕಳೆದಿದ್ದ. ಮೊದಲ ದಿನ ಬೆಳಗ್ಗೆ ಅವನ ಬೆನ್ನಿಗೆ ಹದಿಮೂರು ಜೊತೆ ಕೈಗಳು, ಕೈಗೊಂದು ಡಜನ್ ಗಾಜಿನ ಬಳೆ, ಬಾಯಿಗೊಂದು ಮಾತು. ಕಡೆಗೆ ನಾನು. ಒಂದು ಕೆಂಜಳಿಲಿನ ಬಾಲ, ಕಾಡುಕೋಣದ ಒಣಗಿದ ಸೆಗಣಿ, ಇಷ್ಟೇ ಕಂಡದ್ದು. ಆಮೇಲೆ ಅವನು ನಮ್ಮನ್ನು ಒಂದು ಎತ್ತರದ ಮರದ ಎದುರು ನಿಲ್ಲಿಸಿದ. ಕಾಂಡದ ಪೊಟರೆಯೊಳಗೆ ಮಂಗಟ್ಟೆ ಹಕ್ಕಿಯ ಹೆಣ್ಣು ಮರಿಯ ಜೊತೆ ಕೂತಿದೆ, ಪೊಟರೆಯ ಬಾಯಿಗೆ ಗೋಡೆ ಕಟ್ಟಿಕೊಂಡು ಒಂದು ಸೀಳು ಮಾತ್ರ ಬಿಟ್ಟಿದೆ, ಗಂಡು ಹಣ್ಣು ತಂದು ಆ ಸೀಳಿನಿಂದ ಉಣಿಸುತ್ತದೆ ಎಂದು ಪಿಸುಗುಟ್ಟಿದ. ಗಂಡು ಎರಡು ಸಲ ಬಂತು. ಎರಡು ಸಲವೂ ನಮ್ಮ ಸಪ್ಪಳಕ್ಕೆ ಬೆದರಿ ತಿರುಗಿ ಹೋಯಿತು.

"ನೀವು ಬಂಗಲೇಕ ಹೋಗಿ ಉಪ್ಪಿಟ್ಟು ತಿಂತೀರಿ," ಎಂದ ಅವನು. "ಒಳಗಿನವು ಉಪಾಸ ಕುಂತಾವ್ರಿ."

ಎರಡನೆಯ ದಿನ ಅವನು ಬಂಗಲೆಯ ಮೆಟ್ಟಿಲ ಮುಂದೆ ನಿಂತು ಮೊದಲೇ ಖಡಕ್ಕಾಗಿ ಹೇಳಿದ: "ಬಳಿ ತಗೀರಿ ಅಂತ ನಾ ಅನ್ನಾಂಗಿಲ್ಲ, ಅಂದ್ರೂ ನೀವು ತಗ್ಯಾಂಗಿಲ್ಲ. ಕೈಗೆ ದಸ್ತಿ ಸುತಗೊಂಡು ಹಿಂದ ಬರ್ರಿ. ಬಳಿ ಇಲ್ಲದಾವ್ರು ಮುಂದ ಬರ್ರಿ."

ಹದಿಮೂರು ಮುಖಗಳು ನನ್ನ ಕಡೆ ತಿರುಗಿದವು. ಹೆಡ್‌ಬಾಯಿಯವರು ಅವನ ಹತ್ತಿರ ಹೋಗಿ, ನನಗೆ ಕೇಳಬಾರದೆಂಬಂತೆ, ಆದರೆ ಕೇಳುವ ಹಾಗೆಯೇ ಹೇಳಿದರು: "ಹೊಂಟ ಹೊತ್ತಿನ್ಯಾಗ ಆಕಿ ಮುಂದ ಬ್ಯಾಡಪಾ. ಆಮ್ಯಾಲ ಏನೂ ಕಾಣಾಂಗಿಲ್ಲ."

"ನಿನ್ನೆ ಅವರು ಕಡೀಕ ಇದ್ರಲ್ರಿ," ಎಂದ ಅವನು. "ಏನ್ ಕಂಡಿತ್ರಿ ನಿಮಗ?"

ಅವನಿಗೆ ಕೈ ಮುಗಿಯಬೇಕೆನಿಸಿತು. ಅದರ ಜೊತೆಗೇ ಮನಸ್ಸು ಲೆಕ್ಕ ಹಾಕತೊಡಗಿತು. ಇವತ್ತು ಹಕ್ಕಿ ಬಾರದಿದ್ದರೆ ಅದು ಬಳೆಯ ತಪ್ಪಾಗುವುದಿಲ್ಲ, ಸುತ್ತಿದ ಕರವಸ್ತ್ರದ ತಪ್ಪಾಗುವುದಿಲ್ಲ, ನನ್ನ ತಲೆಗೇ ಬರುತ್ತದೆ. ನಾಲ್ಕು ತಾಲೂಕಿನ ಶಾಲೆಗಳಿಗೆ ಸುದ್ದಿ ಹೋಗುತ್ತದೆ. ಹಿಂದೆ ಸರಿದುಬಿಟ್ಟರೆ ಯಾರೂ ಏನೂ ಅನ್ನುತ್ತಿರಲಿಲ್ಲ, ಎಷ್ಟು ತಿಳುವಳಿಕಸ್ಥಳು ಎಂದು ಹೊಗಳುತ್ತಿದ್ದರು. ಆ ಹೊಗಳಿಕೆ ನನಗೆ ಸಾಕಾಗಿ ಹೋಗಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದು ನಿಂತೆ.

ತರಗೆಲೆಯ ಮೇಲೆ ಹಿಮ್ಮಡಿ ಊರದೆ ನಡೆಯುವುದನ್ನು ಅವನು ತೋರಿಸಿಕೊಡಲು ಹೊರಟ. ನನ್ನ ನಾಲ್ಕು ಹೆಜ್ಜೆ ನೋಡಿ ತೋರಿಸುವುದನ್ನು ಬಿಟ್ಟ.

"ಎಲ್ಲಿ ಕಲ್ತ್ರಿ, ಅಕ್ಕೋರ?"

"ಮನ್ಯಾಗ."

"ಬ್ಯಾಟಿ ಆಡಾವ್ರ ಮನಿ ಏನ್ರಿ?"

"ಅಲ್ಲ. ಪುರಾಣ ಹೇಳೋರ ಮನಿ."

ಅವನಿಗೆ ಅರ್ಥವಾಯಿತೋ ಇಲ್ಲವೋ. ಕಾಡು ದಟ್ಟವಾಗುತ್ತ ಹೋಯಿತು. ಹೊರಗೆ ಏಪ್ರಿಲ್ಲಿನ ಬಿಸಿಲು, ಒಳಗೆ ಹಸಿ ಮಣ್ಣಿನ ತಂಪು. ಬಲಗಡೆ ಬಳ್ಳಿಗಳ ಹಿಂದೆ ಯಾರೋ ಉಸಿರು ಬಿಟ್ಟಂತಾಗಿ ನಾನು ನಿಂತೆ, ಕೈ ಹಿಂದಕ್ಕೆ ಚಾಚಿ ಎಲ್ಲರನ್ನೂ ನಿಲ್ಲಿಸಿದೆ. ಅವನು ಕಣ್ಣು ಕಿರಿದು ಮಾಡಿ ನೋಡಿದ. ಕಾಡುಕೋಣ. ಮೊಣಕಾಲಿನ ಕೆಳಗೆ ಬಿಳಿ, ಉಳಿದದ್ದೆಲ್ಲ ಕಪ್ಪು. ನಮ್ಮನ್ನು ಒಂದಿಷ್ಟು ಹೊತ್ತು ದಿಟ್ಟಿಸಿ, ಅವಸರವಿಲ್ಲದೆ ನಮ್ಮೆದುರೇ ಹಾದಿ ದಾಟಿ ಹೋಯಿತು. ಅದನ್ನು ಮೊದಲು ಕಂಡವಳು ನಾನು, ಕಾವಲುಗಾರನಲ್ಲ.

ಈ ಪ್ರಸಂಗ ಹೇಳಿದಾಗಲೆಲ್ಲ ಯಾರಾದರೂ ಒಬ್ಬರು, ನೋಡಿ, ಅನುಭವಿಸಿದ ಕಷ್ಟ ಹೀಗೆ ಉಪಯೋಗಕ್ಕೆ ಬರುತ್ತದೆ ಎಂದು ತಲೆಯಾಡಿಸುತ್ತಾರೆ. ಅಂಥವರ ಮೇಲೆ ನನಗೆ ರೇಗುತ್ತದೆ. ಒಂದು ಕಾಡುಕೋಣ ನೋಡಲು ಐದು ವರ್ಷ ಬಾಗಿಲ ಹಿಂದೆ ನಿಲ್ಲಬೇಕಿರಲಿಲ್ಲ. ಆ ಕಾವಲುಗಾರ ಯಾವ ಬಾಗಿಲ ಹಿಂದೆಯೂ ನಿಂತವನಲ್ಲ, ಅವನಿಗೂ ಸಪ್ಪಳವಿಲ್ಲದೆ ನಡೆಯಲು ಬರುತ್ತಿತ್ತು.

ಮರದ ಹತ್ತಿರ ಕೂತೆವು. ಕಾಲು ಜೋಮು ಹಿಡಿಯಿತು, ಕಿವಿಯ ಸುತ್ತ ನೊಣ. ಹಿಂದೆ ಹೆಡ್‌ಬಾಯಿಯವರು ನಿಟ್ಟುಸಿರು ಬಿಟ್ಟರು. ಆ ನಿಟ್ಟುಸಿರಿನ ಅರ್ಥ ನನಗೆ ಗೊತ್ತಿತ್ತು. ಬಾರೋ ಮಾರಾಯಾ ಎಂದು ಒಳಗೊಳಗೇ ಹಕ್ಕಿಯನ್ನು ಬೇಡಿಕೊಂಡೆ, ಬೇಡಿಕೊಂಡದ್ದಕ್ಕೆ ನನ್ನ ಮೇಲೆ ನನಗೇ ಸಿಟ್ಟು ಬಂತು. ಕೊನೆಗೂ ದೊಡ್ಡ ಮೊರದಲ್ಲಿ ಯಾರೋ ಜೋಳ ಕೇರಿದಂತೆ ರೆಕ್ಕೆಯ ಸಪ್ಪಳ ಕೇಳಿತು. ಹಳದಿ ಕೊಕ್ಕಿನ ಆ ಭಾರೀ ಹಕ್ಕಿ ಕಾಂಡಕ್ಕೆ ಆತುಕೊಂಡು, ಗಂಟಲಿನಿಂದ ಒಂದೊಂದೇ ಅತ್ತಿಯ ಹಣ್ಣು ತೆಗೆದು ಸೀಳಿಗೆ ಹಿಡಿಯಿತು. ಒಳಗಿನಿಂದ ಇನ್ನೊಂದು ಕೊಕ್ಕಿನ ತುದಿ ಬಂದು ತೆಗೆದುಕೊಂಡಿತು. ಹಣ್ಣು ಮುಗಿದ ಮೇಲೆ ಗಂಡು ಹಾರಿ ಹೋಯಿತು.

"ಎಂಥಾ ಪತಿವ್ರತಾ ನೋಡ್ರಿ," ಎಂದರು ಹೆಡ್‌ಬಾಯಿಯವರು. ಅವರ ಕಣ್ಣು ತುಂಬಿತ್ತು. "ಗಂಡ ಬರಲಿಲ್ಲಂದ್ರ ಅಲ್ಲೇ ಪ್ರಾಣ ಬಿಡ್ತೈತಿ. ಪುಣ್ಯವಂತಿ."

"ಹಂಗೇನಿಲ್ರಿ," ಎಂದ ಕಾವಲುಗಾರ. "ಆ ಗ್ವಾಡಿ ಕಟ್ಟಿದ್ದು ಹೆಣ್ಣ. ಒಡಿಯೂದೂ ಅದ. ಒಂದು ವರ್ಷ ಅತ್ತಾಗಿನ ಗಿಡದಾಗ ಒಂದರ ಗಂಡು ಬರೂದು ನಿಂತ ಹೋತ್ರಿ. ಎರಡು ದಿನ ಕಾದು ನೋಡಿತು, ಆಮ್ಯಾಲ ಗ್ವಾಡಿ ಒಡದು ಹೊರಗ ಬಂತು. ಒಳಗ ಕುಂತಾಗ ಉದುರಿದ ರೆಕ್ಕಿ ಪುಕ್ಕ ಇನ್ನೂ ಪೂರಾ ಬಂದಿರಲಿಲ್ಲ. ಟೊಂಗಿಂದ ಟೊಂಗಿಗೆ ಜಿಗದು ಹೋಗಿ ತಾನ ಹಣ್ಣು ತಿಂತು."

"ಅದು ಹಕ್ಕಿ, ಬಿಡಪಾ," ಎಂದರು ಹೆಡ್‌ಬಾಯಿಯವರು.

"ಪತಿವ್ರತಾ ಅನ್ನೂವಾಗ ಅದು ಹಕ್ಕಿ ಅಂತ ನೆನಪಿರಲಿಲ್ಲೇನ್ರಿ?" ಎಂದೆ. ನನ್ನ ದನಿ ನನಗೇ ಗುರುತು ಸಿಗದಷ್ಟು ದೊಡ್ಡದಾಗಿತ್ತು. ಮೇಲೆಲ್ಲೋ ಮಂಗಗಳು ದಡಬಡ ಓಡಿದವು.

"ಸಪ್ಪಳ ಮಾಡಬ್ಯಾಡ್ರಿ, ಅಕ್ಕೋರ," ಎಂದ ಅವನು, ಈ ಸಲ ನನಗೆ. ಆ ಬೈಗುಳ ನನಗೆ ಬಹಳ ಸೇರಿತು.

ಮರಳುವಾಗ ಬಸ್ಸನ್ನು ಎಲ್ಲರಿಗಿಂತ ಮೊದಲು ಹತ್ತಿ ಡ್ರೈವರನ ಬೆನ್ನ ಹಿಂದಿನ ಸೀಟು ಹಿಡಿದೆ. ತಡಸ ಇನ್ನೂ ಒಂದು ಮೈಲಿ ದೂರವಿರುವಾಗ ಢಬ್ ಎಂದು ಟಾಯರು ಒಡೆಯಿತು. ಎಲ್ಲರೂ ಕೆಳಗಿಳಿದು ಬಿಸಿಲಲ್ಲಿ ನಿಂತೆವು. ನನ್ನ ಮೇಲೆ ಬಿದ್ದ ಕಣ್ಣುಗಳನ್ನು ನಾನು ಎಣಿಸಲು ಹೋಗಲಿಲ್ಲ. ಟಾಯರು ಬದಲಾದ ಮೇಲೆ ಹೆಡ್‌ಬಾಯಿಯವರು ಹೇಳಿದರು: "ಇನ್ನರ ಹಿಂದ ಕುಂದರ್ರಿ, ಅಕ್ಕೋರ."

"ಒಡದಿದ್ದು ಹಿಂದಿನ ಟಾಯರ್ ರೀ," ಎಂದೆ. "ಹಿಂದ ಯಾರು ಕುಂತಿದ್ರು ನೋಡ್ರಿ."

ಯಾರೋ ಕಿಸಕ್ಕನೆ ನಕ್ಕರು. ನಾನು ಮತ್ತೆ ಅದೇ ಸೀಟಿನಲ್ಲಿ ಕೂತೆ.

ಮರುದಿನ ಬೆಳಗ್ಗೆ ಸವಣೂರಿನಲ್ಲಿ ಅಪ್ಪ ಹಾನಗಲ್ಲಿಗೆ ಪುರಾಣಕ್ಕೆ ಹೊರಟರು. ಗೂಟದಿಂದ ಕೋಟು ತೆಗೆದ ಸಪ್ಪಳವಾಯಿತು. ನಾನು ಅಡಿಗೆಮನೆಗೆ ಹೋಗಲಿಲ್ಲ, ತಲೆಬಾಗಿಲ ಪಕ್ಕಕ್ಕೆ ಹೋಗಿ ನಿಂತೆ. ಅಪ್ಪ ನನ್ನನ್ನು ಕಂಡು ನಿಂತರು, ಒಳಗೆ ಹೋದರು, ಚಾಪೆಯ ಮೇಲೆ ಕೂತರು, ನೀರು ಕುಡಿದು ಹೊರಗೆ ಬಂದರು. ನಾನು ಅಲ್ಲೇ ಇದ್ದೆ. ಮತ್ತೆ ಒಳಗೆ ಹೋದರು. ತಂಬಿಗೆ ಇಟ್ಟ ಸಪ್ಪಳ ಕೇಳಿತು. ಮತ್ತೆ ಬಂದರು.

"ಒಳಗ ಹೋಗವಾ," ಎಂದರು. "ಬಸ್ಸಿನ ಹೊತ್ತಾತು."

"ಹೊತ್ತಾದ್ರ ನೀವು ಹೋಗ್ರಿ, ಅಪ್ಪಾ. ನಾ ಒಳಗ ಹೋಗೂದಿಲ್ಲ."

ಬಾಗಿಲ ಹಿಂದೆ ಅವ್ವನ ಬಳೆ ಸದ್ದಾಗಿ ನಿಂತಿತು. ಅಪ್ಪ ಮೂರನೆಯ ಸಲವೂ ನೀರು ಕುಡಿದು, ನನ್ನ ಮುಖ ನೋಡದೆ ಬಗಲಿಗೆ ಸರಿದು ಹೋದರು. ಸ್ವಲ್ಪ ಹೊತ್ತಿಗೆ ತಿರುಗಿ ಬಂದರು, ಬಸ್ಸು ಹೋಗಿಬಿಟ್ಟಿತ್ತು.

"ನೋಡಿದ್ಯಾ," ಎಂದರು. "ನಿನ್ನ ದೆಸಿಂದ ಬಸ್ಸು ತಪ್ಪಿತು."

"ನನ್ನ ದೆಸಿಂದ ಅಲ್ಲ, ಅಪ್ಪಾ. ಮೂರು ಸಲ ನೀರು ಕುಡದ್ರೆಲಾ, ಅದರ ದೆಸಿಂದ."

ಅಪ್ಪ ಹತ್ತು ಪಂಡಿತರ ನಡುವೆ ವಾದ ಮಾಡಿ ಗೆದ್ದವರು. ಅಂಥವರು ಕೋಟು ಗೂಟಕ್ಕೆ ಹಾಕಿ, ಮಧ್ಯಾಹ್ನದ ತನಕ ಕಂಬಕ್ಕೆ ಒರಗಿ ಕೂತರು. ಅವ್ವ ಊಟಕ್ಕೆ ಕರೆದರೂ ಏಳಲಿಲ್ಲ. ಮುಂದಿನ ಬಸ್ಸಿನ ಹೊತ್ತಿಗೆ ಮತ್ತೆ ಕೋಟಿನ ಸಪ್ಪಳವಾಯಿತು. ಮತ್ತೆ ನಾನು ತಲೆಬಾಗಿಲಲ್ಲಿ ನಿಂತೆ.

ಅಪ್ಪ ತಂಬಿಗೆಯ ಕಡೆ ಒಮ್ಮೆ ನೋಡಿದರು. ಆಮೇಲೆ ನೇರ ನನ್ನ ಹತ್ತಿರ ಬಂದು ಪುರಾಣದ ಗಂಟನ್ನು ನನ್ನ ಕೈಗೆ ಕೊಟ್ಟು, ಬಗ್ಗಿ ಚಪ್ಪಲಿ ಮೆಟ್ಟಿದರು. ಗಂಟು ತಿರುಗಿ ಇಸಿದುಕೊಂಡು, "ಬರ್ತೇನಿ" ಎಂದರು.

"ಹೋಗಿ ಬರ್ರಿ," ಎಂದೆ, ಓಣಿಗೆಲ್ಲ ಕೇಳುವ ಹಾಗೆ. ಹೊರಟವರಿಗೆ ಆ ಮಾತು ಹೇಳದೆ ನನಗೆ ಐದು ವರ್ಷವಾಗಿತ್ತು.